ಕೊಡೆ ಇಲ್ಲದ ಬೇಂದ್ರೆ

ಬೇಂದ್ರೆ ಮಾಸ್ತರ ಚಿತ್ರ ಅಂದಮೇಲೆ ಕೊಡೆ ಇರಲೇಬೇಕು ಎಂದು ವಾದಿಸುವವರು ಧಾರವಾಡದಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಕೋಟು, ಧೋತರ, ಕನ್ನಡಕ, ಕೈಯಲ್ಲೊಂದು ಕೊಡೆ. ಇಷ್ಟು ಬರೆದುಬಿಟ್ಟರೆ ಮುಖ ತುಸು ಹೆಚ್ಚುಕಡಿಮೆ ಆದರೂ ನಡೆಯುತ್ತದೆ, ನೋಡಿದವರು ಗುರುತು ಹಿಡಿಯುತ್ತಾರೆ. ಕೊಡೆ ಬಿಟ್ಟು ಮುಖ ಎಷ್ಟು ಚೆನ್ನಾಗಿ ತೆಗೆದರೂ "ಯಾಕೋ ಅವರಂಗ ಕಾಣವಲ್ಲರು" ಎಂಬ ತಕರಾರು ತಪ್ಪಿದ್ದಲ್ಲ. ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದಾಗ ಪ್ರತಿ ಜನವರಿಯಲ್ಲೂ ಹುಡುಗರ ಕೈಲಿ ಬೇಂದ್ರೆ ಚಿತ್ರ ಬರೆಸಬೇಕಾಗುತ್ತಿತ್ತು. ಕೆಲವು ಹುಡುಗರು ಮೊದಲು ಕೊಡೆಯನ್ನೇ ಬರೆದು, ಆಮೇಲೆ ಅದರ ಕೆಳಗೆ ಕವಿಯನ್ನು ಹೊಂದಿಸುತ್ತಿದ್ದರು.

1896ರ ಜನವರಿ 31ಕ್ಕೆ ಹುಟ್ಟಿದ ಕವಿಗೆ 1996ಕ್ಕೆ ನೂರು ತುಂಬಿತು. ಆ ವರ್ಷ ಊರಿನಲ್ಲಿ ಭಾಷಣ, ಗಾಯನ, ವಿಚಾರಸಂಕಿರಣಗಳಿಗೆ ಬರವಿರಲಿಲ್ಲ. ಒಂದು ಸಮಿತಿಯವರು ನಮ್ಮ ಕಲಾಶಾಲೆಯ ಹಳೆಯ ಹುಡುಗರನ್ನು ಕರೆದು, ಶತಮಾನೋತ್ಸವಕ್ಕೆ ಏನಾದರೂ ಮಾಡಿಕೊಡಿ, ಮನೆಗೊಯ್ದು ಗೋಡೆಗೆ ಹಾಕುವಂಥದ್ದಿರಲಿ ಎಂದರು. ಅವರ ಮನಸ್ಸಿನಲ್ಲಿದ್ದದ್ದು ಒಂದು ದೊಡ್ಡ ಮುಖಚಿತ್ರ. ನಮ್ಮ ತಲೆಯಲ್ಲಿ ಹೊಕ್ಕದ್ದು ಬೇರೆ. ಬೇಂದ್ರೆಯವರು ಬದುಕಿದ ಜಾಗ, ತಿರುಗಿದ ದಾರಿ, ಕೂತ ಕಟ್ಟೆ, ಇವನ್ನು ಲಿನೋದಲ್ಲಿ ಕೊರೆದು, ಕೈಯಿಂದ ಅಚ್ಚೊತ್ತಿ, ಒಂದು ರಟ್ಟಿನ ಲಕೋಟೆಯಲ್ಲಿ ಹಾಕಿ ಕೊಡುವುದು. ಮುಖ ಒಂದರಲ್ಲೂ ಬೇಡ. ಹೀಗೆಂದು ತೀರ್ಮಾನಿಸಿದವರು ಕಲಾಶಾಲೆಯ ನಮ್ಮ ಮಾಸ್ತರು. ಅವರು ಆಗಲೇ ನಿವೃತ್ತರಾಗಿದ್ದರು, ಯಾರ ಮಾತಿಗೂ ಸೊಪ್ಪು ಹಾಕುವ ಕಾಲ ಅವರಿಗೆ ಮುಗಿದಿತ್ತು. "ಮುಖ ನೋಡಬೇಕಂದ್ರ ಫೋಟೋ ಅದಾವು. ನೀವು ಅವರು ನೋಡಿದ್ದನ್ನ ತೋರಸ್ರಿ" ಎಂದರು.

ನಾನು ಬೇಂದ್ರೆಯವರನ್ನು ಕಂಡದ್ದು ಚಿಕ್ಕವನಿದ್ದಾಗ, ವಿದ್ಯಾವರ್ಧಕ ಸಂಘದ ಸಭೆಯೊಂದರಲ್ಲಿ, ಅದೂ ಹಿಂದಿನ ಸಾಲಿನಿಂದ. ಕಂಡದ್ದು ಅನ್ನುವುದಕ್ಕಿಂತ ಕೇಳಿದ್ದು ಅನ್ನಬೇಕು. ಮುಂದೆ ಕೂತವರ ತಲೆಗಳೇ ಅಡ್ಡವಾಗಿ, ದನಿ ಮಾತ್ರ ಬರುತ್ತಿತ್ತು. ಏರುತ್ತಿತ್ತು, ಇಳಿಯುತ್ತಿತ್ತು, ಒಮ್ಮೆಲೇ ಜಗಳಕ್ಕೆ ನಿಂತಂತಾಗಿ ಮರುಗಳಿಗೆ ನಗೆಯಾಡುತ್ತಿತ್ತು. ಏನು ಹೇಳಿದರೋ ಒಂದಕ್ಷರ ನೆನಪಿಲ್ಲ. ಚಿತ್ರಗಾರನಿಗೆ ಇದಕ್ಕಿಂತ ಕಷ್ಟದ ಕವಿ ಇಲ್ಲ. ಕುವೆಂಪು ಅವರದಾದರೆ ಕಾಡು, ಬೆಟ್ಟ, ಸೂರ್ಯೋದಯ ಎಲ್ಲ ಕಣ್ಣಿಗೆ ಬೀಳುವಂಥವು. ಬೇಂದ್ರೆಯವರದು ಕಿವಿಯಿಂದ ಒಳಗಿಳಿಯುವ ಕಾವ್ಯ. 1929ರ ಬೆಳಗಾವಿ ಸಾಹಿತ್ಯ ಸಮ್ಮೇಳನದಲ್ಲಿ ಅವರು ಹಕ್ಕಿಯ ಪದ್ಯ ಓದಿದ ಮೇಲೆಯೇ ನಾಡೆಲ್ಲ ಅವರತ್ತ ತಿರುಗಿದ್ದು. ಮೊದಲ ದೊಡ್ಡ ಸಂಕಲನ 'ಗರಿ' ಬಂದದ್ದು 1932ರಲ್ಲಿ. ಪುಸ್ತಕ ಕೈಗೆ ಬರುವ ಮೊದಲೇ ಜನರ ಬಾಯಲ್ಲಿ ಪದ್ಯ ಓಡಾಡುತ್ತಿತ್ತು. ಅಂಥವರ ಜಾಗಗಳನ್ನು ಕಪ್ಪುಬಿಳುಪಿನಲ್ಲಿ ಕೊರೆದು ಏನು ತೋರಿಸುವುದು ಎಂಬ ಅಳುಕು ನಮಗೆಲ್ಲ ಇದ್ದೇ ಇತ್ತು.

ಮಾಸ್ತರು ಅದಕ್ಕೆ ಉತ್ತರವಾಗಿ ಒಂದು ಹಳೆಯ ಪುಸ್ತಕ ತೆಗೆದು ನಂದಲಾಲ್ ಬೋಸರ ಗಾಂಧಿಯನ್ನು ತೋರಿಸಿದರು. ದಂಡಿಯಾತ್ರೆಯ ವರ್ಷ, 1930ರಲ್ಲಿ, ನಂದಲಾಲರು ಕೊರೆದ ಲಿನೋ ಅದು. ಕಪ್ಪು ನೆಲದ ಮೇಲೆ ಕೆಲವೇ ಬಿಳಿ ಗೆರೆ, ಕೋಲು ಹಿಡಿದು ನಡೆಯುವ ಮುದುಕ, ಸುತ್ತ ಏನೂ ಇಲ್ಲ. ಆಮೇಲೆ ಇನ್ನೊಂದು ಹಾಳೆ ತಿರುವಿ ಜಪಾನಿನ ಹಿರೋಶಿಗೆಯ ಮಳೆಯನ್ನು ತೋರಿಸಿದರು. 1833-34ರ ಸುಮಾರಿಗೆ ಹಿರೋಶಿಗೆ ತೊಕಾಯ್ದೊ ಹೆದ್ದಾರಿಯ ಐವತ್ಮೂರು ತಂಗುದಾಣಗಳನ್ನು ಮರದಚ್ಚಿನಲ್ಲಿ ತಂದ. ಅದರಲ್ಲಿ ಶೋನೊ ಎಂಬ ಊರಿನ ಚಿತ್ರವೊಂದಿದೆ. ಅಡ್ಡಮಳೆ ಹೊಡೆಯುತ್ತಿದೆ, ಏರಿನಲ್ಲಿ ಜನ ತಲೆ ತಗ್ಗಿಸಿ ಓಡುತ್ತಿದ್ದಾರೆ, ಒಬ್ಬರ ಮುಖವೂ ನೆಟ್ಟಗೆ ಕಾಣುವುದಿಲ್ಲ. "ಇದರಾಗ ಕೇಳಿಸ್ತದೋ ಇಲ್ಲೋ?" ಎಂದು ಕೇಳಿದರು. ನಿಜಕ್ಕೂ ಕೇಳಿಸುತ್ತಿತ್ತು.

ಲಿನೋ ಬಗ್ಗೆ ಎರಡು ಮಾತು ಹೇಳಬೇಕು. ಅದು ಮೂಲದಲ್ಲಿ ನೆಲಕ್ಕೆ ಹಾಸುವ ವಸ್ತು. ಅಗಸಿ ಎಣ್ಣೆಯನ್ನು ಗಟ್ಟಿ ಮಾಡಿ, ಅದಕ್ಕೆ ಕಾರ್ಕಿನ ಪುಡಿ, ಮರದ ಹುಡಿ ಬೆರೆಸಿ, ಸೆಣಬಿನ ಬಟ್ಟೆಯ ಮೇಲೆ ಹರಡಿ ಮಾಡಿದ್ದು. ಅಚ್ಚಿನ ಕಪ್ಪು ಶಾಯಿಯೂ ಹೆಚ್ಚಾಗಿ ಅಗಸಿ ಎಣ್ಣೆಯದೇ. ನಮ್ಮ ಕಡೆ ಹೊಲದಲ್ಲಿ ನೀಲಿ ಹೂ ಬಿಡುವ ಅಗಸಿ, ರೊಟ್ಟಿಯ ಮಗ್ಗುಲಿಗೆ ಚಟ್ನಿಪುಡಿಯಾಗಿ ಬರುವ ಅಗಸಿ. ಬೇಂದ್ರೆಯವರ ಊರನ್ನು ಮೂಡಿಸಲು ಇದಕ್ಕಿಂತ ಒಪ್ಪುವ ಸಾಮಾನು ಬೇಡ ಎಂದು ನಮ್ಮ ಗೆಳೆಯನೊಬ್ಬ ತಮಾಷೆ ಮಾಡುತ್ತಿದ್ದ. ಹಾಳೆಯನ್ನು ತುಸು ಬಿಸಿಲಿಗಿಟ್ಟರೆ ಮೆತ್ತಗಾಗುತ್ತದೆ, ಉಳಿ ಸರಾಗ ಓಡುತ್ತದೆ. ಕೊರೆದ ಜಾಗ ಬಿಳಿ, ಉಳಿದದ್ದು ಕಪ್ಪು. ಒಮ್ಮೆ ತೆಗೆದದ್ದನ್ನು ಮತ್ತೆ ತುಂಬಲು ಬರುವುದಿಲ್ಲ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಮೂಡುವುದರಿಂದ ಎಲ್ಲವನ್ನೂ ತಿರುಗುಮುರುಗಾಗಿ ಕೊರೆಯಬೇಕು.

ಮೊದಲು ಕೈಗೆತ್ತಿಕೊಂಡದ್ದು ಸಾಧನಕೇರಿ. ಇದರಲ್ಲಿ ಜಗಳವಿರಲಿಲ್ಲ. ಕೆರೆ, ಅದರೆದುರು 'ಶ್ರೀಮಾತಾ' ಎಂಬ ಮನೆ, ಹೆಂಚಿನ ಮಾಡು, ಸುತ್ತ ಮರ. ಗೆಳೆಯನನ್ನು ಸಾಧನಕೇರಿಗೆ ಕರೆಯುವುದಕ್ಕೇ ಒಂದು ಪದ್ಯ ಬರೆದ ಕವಿಯ ಮನೆ ಅದು. ಆದರೆ ಸಾಧನಕೇರಿಯನ್ನು ಯಾವಾಗ ಬರೆಯುವುದು ಎಂಬಲ್ಲಿ ವಾದ ಎದ್ದಿತು. ಬಿಸಿಲಿನಲ್ಲಾದರೆ ನೆರಳು ಚೆನ್ನಾಗಿ ಬೀಳುತ್ತದೆ, ಲಿನೋಕ್ಕೆ ಅದು ಅನುಕೂಲ. ಆದರೆ ಶ್ರಾವಣದ ಬಗ್ಗೆ ಅಷ್ಟೊಂದು ಪದ್ಯ ಬರೆದವರ ಕೆರೆಯನ್ನು ಬೇಸಿಗೆಯಲ್ಲಿ ಬರೆಯುವುದೆಂದರೆ ಏನರ್ಥ? ಶ್ರಾವಣದಲ್ಲೇ ಹೋಗಿ ಕೂತೆವು. ಧಾರವಾಡದ ಮಳೆ ಮಲೆನಾಡಿನಂತೆ ಧೋ ಎಂದು ಬರುವುದಿಲ್ಲ. ಜಿಟಿಜಿಟಿ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ, ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಶುರು. ಕೆರೆಯ ಮೇಲೆ ಹನಿ ಬಿದ್ದು ಏಳುವ ಉಂಗುರ, ದಂಡೆಯ ಜೊಂಡು, ಹಸಿರಿಗೆ ತಿರುಗಿದ ಗೋಡೆ, ಮಾಡಿನ ತುದಿಯಿಂದ ಇಳಿವ ನೀರಿನ ಸಾಲು. ಪೆನ್ಸಿಲಿನಲ್ಲಿ ಗೀಚಿದ ಕಾಗದ ತೊಯ್ದು ಮುದ್ದೆಯಾಗುತ್ತಿತ್ತು. ಕೊನೆಗೆ ಕಣ್ಣಲ್ಲಿ ತುಂಬಿಕೊಂಡು ಬಂದು ಮನೆಯಲ್ಲಿ ಕೊರೆಯುವುದೇ ಸರಿ ಎಂದಾಯಿತು.

ಆ ಚಿತ್ರ ಕೊರೆದದ್ದು ನಾನು. ಮನೆ, ಮರ, ಕೆರೆ ಎಲ್ಲ ಮುಗಿದ ಮೇಲೆ ಮಳೆ ಬಾಕಿ ಉಳಿಯಿತು. ಲಿನೋದಲ್ಲಿ ಮಳೆ ಎಂದರೆ ಬಿಳಿ ಗೆರೆ. ಸಣ್ಣ ವಿ-ಉಳಿ ಹಿಡಿದು ಮುಗಿದ ಚಿತ್ರದ ಮೇಲೆಯೇ ಎಳೆಯಬೇಕು. ಮನೆಯ ಮೇಲೆ, ಮರದ ಮೇಲೆ, ತಾಸುಗಟ್ಟಲೆ ಕೂತು ಕೊರೆದ ಹೆಂಚುಗಳ ಮೇಲೆ. ಕೈ ನಡುಗಿದರೆ ಗೆರೆ ಹುಳುವಿನಂತೆ ಒದ್ದಾಡುತ್ತದೆ. ಒಂದೇ ಓರೆಯಲ್ಲಿ ಎಳೆದರೆ ಬಾಚಣಿಕೆಯ ಗೀರು, ಮಳೆಯಲ್ಲ. ಮಾಸ್ತರು ಪಕ್ಕದಲ್ಲಿ ಕೂತು, "ಎಣಸಬ್ಯಾಡ, ಬಾಯಾಗ ಏನರೆ ಅಂದುಕೋತ ಎಳಿ" ಎಂದರು. ನಾನು ನೆನಪಿದ್ದ ಬೇಂದ್ರೆ ಪದ್ಯವೊಂದನ್ನು ಗುನುಗುತ್ತ ಎಳೆಯಲು ಶುರು ಮಾಡಿದೆ. ಪದ್ಯದ ಗಣಕ್ಕೆ ಕೈ ತಾನಾಗಿ ಎದ್ದು ಇಳಿಯತೊಡಗಿತು. ಮೂರು ಸಣ್ಣ ಗೆರೆ, ಒಂದು ಉದ್ದ, ಒಂದು ಬಿಡುವು. ಮೊದಲ ಅಚ್ಚು ತೆಗೆದು ನೋಡಿದಾಗ ಮಳೆ ಬರುತ್ತಿತ್ತು. ಬೇಂದ್ರೆ ಕಾವ್ಯಕ್ಕೂ ನಮ್ಮ ಉಳಿಗೂ ನಿಜವಾದ ಸಂಬಂಧ ಏರ್ಪಟ್ಟದ್ದು ಅದೊಂದರಲ್ಲೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಮಿಕ್ಕ ಅಚ್ಚುಗಳು ಸುಮಾರಾಗಿ ಬಂದವು, ಒಂದೆರಡು ಚೆನ್ನಾಗಿಯೇ ಬಂದವು.

ಮನೋಹರ ಗ್ರಂಥಮಾಲೆಯ ಅಟ್ಟವನ್ನು ಗೆಳೆಯನೊಬ್ಬ ತೆಗೆದುಕೊಂಡ. ಸುಭಾಸ ರಸ್ತೆಯ ಆ ಅಟ್ಟ ಕನ್ನಡದ ಬರಹಗಾರರಿಗೆಲ್ಲ ಗೊತ್ತು. ಜಿ.ಬಿ. ಜೋಶಿಯವರು 1933ರಲ್ಲಿ ಗ್ರಂಥಮಾಲೆ ಆರಂಭಿಸಿದರು. ಬೇಂದ್ರೆಯವರಿಂದ ಹಿಡಿದು ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡರವರೆಗೆ ಎಷ್ಟು ಜನ ಆ ಮೆಟ್ಟಿಲು ಹತ್ತಿದ್ದಾರೋ. ಗೆಳೆಯ ಜನರನ್ನು ಬಿಟ್ಟು ಬರೀ ಮೆಟ್ಟಿಲನ್ನೇ ಕೊರೆದ. ಇದು ನಮ್ಮಲ್ಲೇ ಕೆಲವರಿಗೆ ಒಪ್ಪಿಗೆಯಾಗಲಿಲ್ಲ. ಮೆಟ್ಟಿಲು ಯಾವ ಮನೆಯದಾದರೂ ಮೆಟ್ಟಿಲೇ ಅಲ್ಲವೇ? ನನಗೂ ಅದು ಅಷ್ಟೇನೂ ಹಿಡಿಸಿರಲಿಲ್ಲ. ಗೊತ್ತಿದ್ದವರಿಗೆ ಎಲ್ಲ ಹೇಳುವ, ಗೊತ್ತಿಲ್ಲದವರಿಗೆ ಏನೂ ಹೇಳದ ಚಿತ್ರ ಅದು.

ಖಾನಾವಳಿಯ ಕಥೆ ಬೇರೆ. ಬೇಂದ್ರೆಯವರ ತಂದೆ ರಾಮಚಂದ್ರ ಭಟ್ಟರು ಬೇಗ ತೀರಿಕೊಂಡರು. ತಾಯಿ ಅಂಬವ್ವ ಖಾನಾವಳಿ ನಡೆಸಿ ಮಕ್ಕಳನ್ನು ಸಾಕಿದರು. ಅಂಬಿಕೆಯ ಮಗ ದತ್ತ, ಅಂಬಿಕಾತನಯದತ್ತ ಎಂಬ ಕಾವ್ಯನಾಮದ ಹಿಂದೆ ಆ ಒಲೆಯ ಮುಂದಿನ ಹೆಂಗಸು ಇದ್ದಾಳೆ. ನೂರು ವರ್ಷದ ಸಂಭ್ರಮದಲ್ಲಿ ಅವಳಿಗೊಂದು ಚಿತ್ರ ಬೇಡವೇ ಎಂದು ನಮ್ಮಲ್ಲಿದ್ದ ಒಬ್ಬಳೇ ಹುಡುಗಿ ಹಟ ಹಿಡಿದಳು. ಆದರೆ ಆ ಖಾನಾವಳಿಯ ಗುರುತು ಎಲ್ಲೂ ಉಳಿದಿರಲಿಲ್ಲ. ಫೋಟೋ ಇಲ್ಲ, ಗೋಡೆ ಇಲ್ಲ. ಅವಳು ಬಸ್ ನಿಲ್ದಾಣದ ಹಿಂದಿನ ಓಣಿಯ ಖಾನಾವಳಿಯೊಂದಕ್ಕೆ ಹೋಗಿ ಕೂತಳು. ನಡೆಸುತ್ತಿದ್ದಾಕೆ ನಡುವಯಸ್ಸಿನ ಗಟ್ಟಿ ಹೆಂಗಸು. ಗಂಡ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳು ಓದುತ್ತಿದ್ದರು. ಊಟ ಮಾಡದೆ ಒಲೆಯ ಮುಂದೆ ಕೂತು ಗೀಚುವ ಹುಡುಗಿಯನ್ನು ಆಕೆ ಮೊದಲು ಅನುಮಾನದಿಂದ ನೋಡಿದಳು. ವಿಷಯ ತಿಳಿದ ಮೇಲೆ ತಾನೇ ನಿರ್ದೇಶನಕ್ಕೆ ನಿಂತಳು. "ಹೊಗಿ ಮ್ಯಾಲ ನೆಟ್ಟಗ ಹೋಗೂದುಲ್ಲವಾ, ಮೊದಲ ಕಣ್ಣಿಗೆ ಬರತೈತಿ. ಅಲ್ಲಿ ತಗೀ. ರೊಟ್ಟಿ ಬುಟ್ಟಿ ಎಡಕ್ಕ ಇಡಬ್ಯಾಡ, ಬಡಿಯೂ ಕೈ ಬಲಗೈ, ತಗದು ಒಗಿಯೂದು ಬಲಕ್ಕ." ಹುಡುಗಿ ಹೊಗೆಯನ್ನು ಹೆಂಗಸಿನ ಮುಖದ ಮೇಲೆಯೇ ಹಾಯಿಸಿ ಕೊರೆದಳು. ಹೊಗೆ ಬಿಳಿ, ಮುಖ ಅದರಲ್ಲಿ ಅರ್ಧ ಮರೆ, ಕಾಣುವುದು ರೊಟ್ಟಿ ಬಡಿಯುವ ಎರಡು ಕೈ. ಇಡೀ ಲಕೋಟೆಯಲ್ಲಿ ಮನುಷ್ಯರಿದ್ದ ಚಿತ್ರ ಇದೊಂದೇ. ಮುಖ ಬೇಡ ಎಂಬ ಮಾಸ್ತರ ನಿಯಮಕ್ಕೂ ಭಂಗ ಬರಲಿಲ್ಲ.

ಇಷ್ಟರವರೆಗೆ ಸಮಿತಿಯವರು ಖುಷಿಯಲ್ಲಿದ್ದರು. ಹಿಂಡಲಗಿ ಜೈಲಿನ ಚಿತ್ರ ತೋರಿಸಿದಾಗ ಹುಬ್ಬು ಗಂಟಿಕ್ಕಿದವು. 'ನರಬಲಿ' ಪದ್ಯಕ್ಕಾಗಿ ಬ್ರಿಟಿಷ್ ಸರ್ಕಾರ ಬೇಂದ್ರೆಯವರನ್ನು ಜೈಲಿಗೆ ಹಾಕಿತು, ಆಮೇಲೆ ಮುಗದದಲ್ಲಿ ಕಾವಲಿನಲ್ಲಿಟ್ಟಿತು ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಕೆಲಸ ಹೋಯಿತು, ವರ್ಷಗಟ್ಟಲೆ ನೆಟ್ಟಗೆ ಸಂಬಳ ಕಾಣಲಿಲ್ಲ. "ಸಂಭ್ರಮದಾಗ ಜೈಲು ಯಾಕ್ರಿ? ಮಂದಿ ಮನ್ಯಾಗ ಜೈಲಿನ ಚಿತ್ರ ಹಾಕ್ಕೊಳ್ಳೂದುಲ್ಲ" ಎಂದರು. ಮಾತು ಪೂರ್ತಿ ತಪ್ಪಲ್ಲ. ಗೋಡೆಗೆ ತೂಗುಹಾಕುವ ಚಿತ್ರಕ್ಕೂ ಚರಿತ್ರೆಯ ಪುಸ್ತಕಕ್ಕೂ ವ್ಯತ್ಯಾಸ ಉಂಟು. ಆದರೆ ಕವಿಯ ಜಾಗಗಳು ಎಂದಮೇಲೆ ಚೆಂದದ ಜಾಗಗಳನ್ನಷ್ಟೇ ಆರಿಸಿದರೆ ಅದು ಪ್ರವಾಸೋದ್ಯಮದ ಕರಪತ್ರವಾಗುತ್ತದೆ. ಮಾಸ್ತರು ಜೈಲನ್ನು ಬಿಟ್ಟುಕೊಟ್ಟು ಮುಗದವನ್ನು ಉಳಿಸಿಕೊಂಡರು. ಚೌಕಾಸಿಯಲ್ಲಿ ಅವರು ಗಟ್ಟಿಗರು. ಜೈಲಿನ ಚಿತ್ರವನ್ನು ಅವರು ತಂದದ್ದೇ ಬಿಟ್ಟುಕೊಡಲಿಕ್ಕೆ ಎಂಬ ಗುಮಾನಿ ನನಗಿದೆ.

ಮುಗದಕ್ಕೆ ನಾವೆಲ್ಲ ಕೂಡಿಯೇ ಹೋದೆವು. ಧಾರವಾಡದಿಂದ ದೂರವೇನಲ್ಲ, ಲೋಂಡಾ ಕಡೆಗೆ ಹೋಗುವ ರೈಲು ಅಲ್ಲಿ ನಿಲ್ಲುತ್ತದೆ. ದೊಡ್ಡ ಕೆರೆ, ಭತ್ತದ ಗದ್ದೆ, ಕುಂಬಾರರ ಮನೆಗಳ ಮುಂದೆ ಸಾಲಾಗಿ ಒಣಗಲು ಇಟ್ಟ ಗಡಿಗೆಗಳು. ಕಾವಲಿನ ಊರು ಎಂದು ತಲೆಯಲ್ಲಿ ಕತ್ತಲೆ ತುಂಬಿಕೊಂಡು ಹೋದವರಿಗೆ ಅಲ್ಲಿ ಕಂಡದ್ದು ಹಚ್ಚಹಸುರು. ಇಷ್ಟು ಚೆಲುವಾದ ಊರಿನಲ್ಲಿ, ಊರು ಬಿಟ್ಟು ಹೋಗುವಂತಿಲ್ಲ ಎಂಬ ಕಟ್ಟಳೆಯ ನಡುವೆ ಬದುಕುವುದೆಂದರೆ ಹೇಗಿದ್ದೀತು? ರೈಲು ಬಂದು ನಿಂತು ಹೋಗುತ್ತದೆ, ಹತ್ತುವಂತಿಲ್ಲ. ಕೊನೆಗೆ ಮೂಡಿದ್ದು ಅದೇ ಚಿತ್ರ: ಮುಂದುಗಡೆ ಗಡಿಗೆಗಳ ಸಾಲು, ಹಿಂದೆ ಗದ್ದೆ, ದಿಗಂತಕ್ಕೆ ಅಂಟಿಕೊಂಡು ಹೋಗುತ್ತಿರುವ ಒಂದು ಸಣ್ಣ ರೈಲು. ಜೈಲಿನ ಚಿತ್ರಕ್ಕಿಂತ ಇದು ಹೆಚ್ಚು ಹೇಳುತ್ತದೆ. ಈ ಒಂದು ವಿಷಯದಲ್ಲಿ ಸಮಿತಿಯ ಅಡ್ಡಿಗೆ ನಾವು ಋಣಿ.

ಸೊಲ್ಲಾಪುರವನ್ನು ಸೇರಿಸಬೇಕೆಂದು ನನಗೆ ಬಹಳ ಆಸೆ ಇತ್ತು. 1944ರಿಂದ 1956ರವರೆಗೆ ಬೇಂದ್ರೆಯವರು ಅಲ್ಲಿಯ ಡಿಎವಿ ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಬದುಕಿನ ಹನ್ನೆರಡು ವರ್ಷ! ಧಾರವಾಡದವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಕವಿ ಅಷ್ಟು ದಿನ ಎಲ್ಲೋ ಊರಿಗೆ ಹೋಗಿದ್ದರು ಎಂಬಂತೆ ಮಾತಾಡುತ್ತಾರೆ. ಮನೆಮಾತು ಮರಾಠಿಯಾಗಿ ಕನ್ನಡಕ್ಕೆ ಕವಿಯಾದವರು, ಮರಾಠಿ ಊರಿನಲ್ಲಿ ಕೂತು ಕನ್ನಡ ಪಾಠ ಹೇಳಿದರು. ಗಿರಣಿಯ ಚಿಮಣಿ, ಚಾದರ ನೇಯುವ ಮಗ್ಗ, ಎರಡು ಭಾಷೆಯ ಬೋರ್ಡುಗಳು, ಎಷ್ಟೊಂದು ಚಿತ್ರ ಅಲ್ಲಿದ್ದವು. ಸಮಯವೂ ಸಾಲಲಿಲ್ಲ, ಹಣವೂ ಸಾಲಲಿಲ್ಲ. ಯಾರಾದರೂ ಇದನ್ನು ಮಾಡಬೇಕು.

ಅಚ್ಚು ಹಾಕುವುದಕ್ಕೆ ನಮಗೆ ಸಿಕ್ಕಿದ್ದು ಊರ ನಡುವಿನ ಒಂದು ಹಳೆಯ ಟ್ರೆಡಲ್ ಮುದ್ರಣಾಲಯ. ಆಫ್‌ಸೆಟ್ ಬಂದು ಅಂಥವೆಲ್ಲ ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಹೊತ್ತು. ಲಗ್ನಪತ್ರಿಕೆಯ ಕೆಲಸವೂ ಕಡಿಮೆಯಾಗಿ ಯಂತ್ರ ಬಿಡುವಾಗಿಯೇ ಇತ್ತು. ಅಲ್ಲಿ ಮೊಳೆ ಜೋಡಿಸುವ ಒಬ್ಬ ಮುದುಕರಿದ್ದರು. ಜೀವಮಾನವಿಡೀ ಸೀಸದ ಅಕ್ಷರಗಳನ್ನು ತಿರುಗುಮುರುಗಾಗಿಯೇ ಓದಿದವರು. ನಾವು ಲಿನೋ ಹಲಗೆಗಳನ್ನು ಮೇಜಿನ ಮೇಲೆ ಹರಡಿದಾಗ ಅವರು ಶಾಯಿ ಹಚ್ಚುವ ಮೊದಲೇ ಒಂದೊಂದನ್ನೂ ನೋಡಿ, "ಇದು ಸಾಧನಕೇರಿ, ಮನಿ ಬಲಕ್ಕ ಬರತದ. ಇದು ಗ್ರಂಥಮಾಲಿ ಮೆಟ್ಟಿಲ" ಎಂದು ಹೇಳುತ್ತ ಹೋದರು. ನಮಗೇ ಕನ್ನಡಿ ಹಿಡಿದು ನೋಡಬೇಕಿತ್ತು, ಅವರಿಗೆ ಬೇಕಿರಲಿಲ್ಲ. ಕಪ್ಪು ಎಷ್ಟು ಹಚ್ಚಬೇಕು ಎಂಬುದನ್ನು ಅವರು ನೋಡಿ ಹೇಳುತ್ತಿರಲಿಲ್ಲ. ರೋಲರ್ ಗಾಜಿನ ಮೇಲೆ ಓಡುವಾಗ ಬರುವ ಸದ್ದು ಕೇಳಿ ಹೇಳುತ್ತಿದ್ದರು. ಪಚಪಚ ಎಂದರೆ ಹೆಚ್ಚಾಯಿತು, ಸರಸರ ಎಂದರೆ ಸರಿ. ಮೆಟ್ಟಿಲಿನ ಚಿತ್ರವನ್ನು ಅವರು ಬಹಳ ಹೊತ್ತು ನೋಡಿದರು. ಹಳೆಯ ದಿನಗಳಲ್ಲಿ ಕರಡು ತಿದ್ದಿಸಿಕೊಂಡು ಬರಲು ಅದನ್ನು ಹತ್ತಿದವರಂತೆ. ಆಮೇಲೆ ನಾನು ಆ ಚಿತ್ರದ ಬಗ್ಗೆ ಹಗುರವಾಗಿ ಮಾತಾಡುವುದನ್ನು ಬಿಟ್ಟೆ.

ಎಷ್ಟು ಪ್ರತಿ ಒತ್ತುವುದು ಎಂಬ ಪ್ರಶ್ನೆಗೆ ಬಂದಾಗ ನಮ್ಮ ನಮ್ಮಲ್ಲೇ ಜೋರು ಜಗಳವಾಯಿತು. ಕಲಾಪೇಟೆಯ ಪದ್ಧತಿ ಗೊತ್ತಿರುವುದೇ. ಇಪ್ಪತ್ತೈದೋ ಐವತ್ತೋ ಪ್ರತಿ ತೆಗೆದು, ಪ್ರತಿಯೊಂದರ ಕೆಳಗೆ ಪೆನ್ಸಿಲಿನಲ್ಲಿ ಸಂಖ್ಯೆ ಬರೆದು ಸಹಿ ಹಾಕಿ, ಆಮೇಲೆ ಹಲಗೆಯ ಮೇಲೆ ಅಡ್ಡಗೀರು ಎಳೆದು ಕೆಡಿಸಿಬಿಡಬೇಕು. ಇನ್ನು ಮುಂದೆ ಒಂದೂ ಬರುವುದಿಲ್ಲ ಎಂಬ ಖಾತ್ರಿಗೆ ಬೆಲೆ. ಮುಂಬಯಿಯಲ್ಲಿ ಕಲಿತು ಬಂದಿದ್ದ ಗೆಳೆಯ ಹಾಗೆಯೇ ಮಾಡೋಣ ಎಂದ. ನನಗೆ ಅದು ಬಿಲ್‌ಕುಲ್ ಒಪ್ಪಿಗೆಯಿರಲಿಲ್ಲ. ಅಚ್ಚಿನ ಚಿತ್ರದ ಹೆಚ್ಚುಗಾರಿಕೆಯೇ ಅದು ಬಹಳ ಜನರಿಗೆ ಸಿಗುತ್ತದೆ ಎಂಬುದು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿ ಅರಮನೆಯ ಗೋಡೆಯಿಂದ ಇಳಿದು ಬಡವರ ಮನೆಯ ದೇವರಕೋಣೆಗೆ ಬಂದರು. ಬೇಂದ್ರೆಯವರ ಪದ್ಯ ಹರಡಿದ್ದೂ ಬಾಯಿಂದ ಬಾಯಿಗೆ, ಯಾರೂ ಅದಕ್ಕೆ ಸಂಖ್ಯೆ ಹಾಕಲಿಲ್ಲ. ಅಂಥವರ ಕೆರೆಯನ್ನು ಇಪ್ಪತ್ತೈದು ಶ್ರೀಮಂತರಿಗೆ ಮಾರಿ ಹಲಗೆ ಒಡೆಯುವುದೇ?

ಜಗಳ ಬಗೆಹರಿಸಿದವಳು ಖಾನಾವಳಿ ಕೊರೆದ ಹುಡುಗಿ. "441 ಮಾಡೂಣು" ಎಂದಳು. ಎಲ್ಲರೂ ನಕ್ಕೆವು, ಆದರೆ ಯಾರೂ ಬೇಡ ಅನ್ನಲಿಲ್ಲ. ಕೊನೆಗಾಲದಲ್ಲಿ ಬೇಂದ್ರೆಯವರಿಗೆ ಸಂಖ್ಯೆಯ ಧ್ಯಾನ ಹತ್ತಿತ್ತು. 441 ಎಂಬುದು ಅವರಿಗೆ ವಿಶ್ವದ ಕೀಲಿಕೈ. ಮಾತಿಗೆ ಕೂತವರಿಗೆಲ್ಲ ಅದನ್ನು ಬಿಡಿಸಿ ಹೇಳುತ್ತಿದ್ದರಂತೆ. ನಮಗೆ ಅದರ ತಲೆಬುಡ ತಿಳಿಯದಿದ್ದರೂ ಸಂಖ್ಯೆ ಮಾತ್ರ ಹಿಡಿಸಿತು. ಮುಂಬಯಿ ಗೆಳೆಯನಿಗೆ ಒಂದು ಮಿತಿ ಸಿಕ್ಕಿತು, ನನಗೆ ಒಂದು ದೊಡ್ಡ ಸಂಖ್ಯೆ ಸಿಕ್ಕಿತು.

ಮಳೆಗಾಲ ನಮ್ಮ ಲೆಕ್ಕವನ್ನೆಲ್ಲ ಕೆಡಿಸಿತು. ಅಗಸಿ ಎಣ್ಣೆಯ ಶಾಯಿ ನೀರು ಆರಿ ಒಣಗುವಂಥದ್ದಲ್ಲ, ಗಾಳಿಯೊಂದಿಗೆ ಕೂಡಿ ನಿಧಾನವಾಗಿ ಗಟ್ಟಿಯಾಗುವಂಥದ್ದು. ಶ್ರಾವಣದ ಥಂಡಿಯಲ್ಲಿ ಅದು ದಿನಗಟ್ಟಲೆ ಅಂಟುಅಂಟಾಗಿಯೇ ಉಳಿಯಿತು. ಕೈಕಾಗದ ಗಾಳಿಯ ತೇವ ಹೀರಿ ಅಂಚು ಮುದುಡಿತು. ಮುದ್ರಣಾಲಯದ ತುಂಬ ದಾರ ಕಟ್ಟಿ, ಬಟ್ಟೆ ಒಣಹಾಕುವ ಚಿಮಟಿಗೆಗಳಲ್ಲಿ ಸಾಧನಕೇರಿಗಳನ್ನು ತೂಗುಹಾಕಿದೆವು. ಟ್ರೆಡಲಿನ ಒತ್ತಡ ಸಣ್ಣ ಗೆರೆಗಳಿಗೆ ಹೆಚ್ಚಾಗಿ, ಕೊನೆಗೆ ಚಮಚದ ಬೆನ್ನಿನಿಂದ ತಿಕ್ಕಿ ತಿಕ್ಕಿ ಒಂದೊಂದನ್ನೇ ತೆಗೆದೆವು. ಕೈ ಬಾವು ಬಂದಿತು. 441ರ ಹತ್ತಿರಕ್ಕೂ ಹೋಗಲಾಗಲಿಲ್ಲ.

ಇತ್ತ ಸಮಿತಿಯವರು ಅಷ್ಟರಲ್ಲಿ ಬಣ್ಣದ ಆಫ್‌ಸೆಟ್ ಪೋಸ್ಟರೊಂದನ್ನು ಹೊರಗೆ ಮಾಡಿಸಿ ತಂದಿದ್ದರು. ಮುಖ, ಕೊಡೆ, ಹಿಂದೆ ಸೂರ್ಯ. ಸಾವಿರಗಟ್ಟಲೆ ಪ್ರತಿ ಖರ್ಚಾದವು. ನಮ್ಮ ಲಕೋಟೆಗಳಿಗೆ ಸಭಾಂಗಣದ ಹೊರಗೆ, ಚಪ್ಪಲಿ ಬಿಡುವ ಜಾಗದ ಪಕ್ಕ, ಒಂದು ಮೇಜು ಕೊಟ್ಟರು. ಇಡೀ ಲಕೋಟೆ ಕೊಂಡವರು ಕಡಿಮೆ, ಬಿಡಿಬಿಡಿಯಾಗಿ ಆರಿಸಿಕೊಂಡವರೇ ಹೆಚ್ಚು. ಯಾರು ಯಾವುದನ್ನು ಎತ್ತುತ್ತಾರೆ ಎಂದು ನೋಡುವುದೇ ಒಂದು ಸೊಗಸು. ಬಿಡದೆ ಹೋದದ್ದು ಸಾಧನಕೇರಿ, ಅದು ನಿರೀಕ್ಷಿಸಿದ್ದೇ. ಮುಗದದ ಚಿತ್ರವನ್ನು ಒಬ್ಬ ನಿವೃತ್ತ ರೈಲ್ವೆ ನೌಕರರು ತಗೊಂಡರು, ಬೇಂದ್ರೆಗಾಗಿ ಅಲ್ಲ, ರೈಲಿಗಾಗಿ. ಮೊಳೆ ಜೋಡಿಸುವ ಮುದುಕರು ಮೆಟ್ಟಿಲಿನದನ್ನು ದುಡ್ಡು ಕೊಟ್ಟೇ ಕೊಂಡರು, ನಾವು ಎಷ್ಟು ಬೇಡವೆಂದರೂ ಕೇಳಲಿಲ್ಲ. ಖಾನಾವಳಿಯಾಕೆ ಬಂದು ತನ್ನ ಚಿತ್ರ ನೋಡಿ, "ನನ್ನ ಮಾರಿ ಎಲ್ಲೈತಿ?" ಎಂದು ಜೋರಾಗಿ ನಕ್ಕಳು. ಒಯ್ದು ಗಲ್ಲಾಪೆಟ್ಟಿಗೆಯ ಮೇಲೆ ಹಾಕಿದಳು. ಊಟಕ್ಕೆ ಬಂದವರಿಗೆಲ್ಲ ಅದು ಬೇಂದ್ರೆ ಅಜ್ಜನ ಅವ್ವ ಎಂದು ಹೇಳುತ್ತಿದ್ದಳು. ತಾನೇ ಎಂದು ಒಮ್ಮೆಯೂ ಹೇಳಲಿಲ್ಲ.

ಈಗ ಕವಿಗಳ ಮುಖ ಎಲ್ಲೆಲ್ಲೂ ಇದೆ. ಚಹಾ ಕಪ್ಪಿನ ಮೇಲೆ, ಅಂಗಿಯ ಮೇಲೆ, ನವೆಂಬರ್ ತಿಂಗಳಲ್ಲಿ ಆಟೋದ ಹಿಂದೆ. ನಾನು ಇದನ್ನು ಹಳಿಯುವವನಲ್ಲ. ಆಟೋದ ಹಿಂದೆ ಕವಿಯ ಮುಖ ಹಾಕಿಕೊಂಡು ಓಡಾಡುವ ನಾಡು ಎಷ್ಟಿದ್ದಾವು? ಆದರೆ ಜ್ಞಾನಪೀಠದ ಎಂಟೂ ಮುಖಗಳನ್ನು ಸಾಲಾಗಿ ಜೋಡಿಸಿ ಅಚ್ಚು ಹಾಕಿದರೆ, ಅವರು ಎಲ್ಲಿಯವರು, ಯಾವ ಮಳೆ, ಯಾವ ಮಣ್ಣು, ಯಾವ ಒಲೆಯ ಹೊಗೆಯಿಂದ ಎದ್ದು ಬಂದವರು ಎಂಬುದೆಲ್ಲ ಅಳಿಸಿ ಎಂಟೂ ಒಂದೇ ಆಗಿಬಿಡುತ್ತವೆ. ಬೇಂದ್ರೆಯವರ ವಿಷಯದಲ್ಲಂತೂ ಕೊಡೆ ಎಷ್ಟು ದೊಡ್ಡದಾಗಿದೆಯೆಂದರೆ ಮಳೆಯೇ ಕಾಣುವುದಿಲ್ಲ. ಜಾಗಗಳೇನೂ ನಮಗಾಗಿ ಕಾಯುತ್ತ ನಿಂತಿರುವುದಿಲ್ಲ. ಸಾಧನಕೇರಿಯ ದಂಡೆಗೆ ಈಗ ಉದ್ಯಾನ ಬಂದಿದೆ, ನಡೆದಾಡಲು ದಾರಿ ಬಂದಿದೆ. ಮನೆಯ ಆವರಣದಲ್ಲಿ ಬೇಂದ್ರೆ ಭವನ ಇದೆ, ಹೋದವರಿಗೆ ನೋಡಲು ಬೇಕಾದಷ್ಟಿದೆ. ಜೊಂಡು ಇಲ್ಲ. ನಾವು ಅಚ್ಚು ಹಾಕಿದ ಮುದ್ರಣಾಲಯವೂ ಇಲ್ಲ, ಟ್ರೆಡಲ್ ಯಂತ್ರ ತೂಕಕ್ಕೆ ಹೋಯಿತು.

ಸಮ್ಮೇಳನಗಳಲ್ಲಿ ಮಳಿಗೆ ಹಾಕುವವರನ್ನು ನಾನು ಕೇಳಿಕೊಳ್ಳುವುದು ಇಷ್ಟೇ: ಹತ್ತು ಮುಖಗಳ ಜೊತೆಗೆ ಒಂದಾದರೂ ಊರಿನ ಚಿತ್ರ ಇಡಿ. ಸೊಲ್ಲಾಪುರ ಇನ್ನೂ ಬಾಕಿ ಇದೆ, ಉಳಿ ಹಿಡಿಯಬಲ್ಲ ಹುಡುಗರು ಯಾರಾದರೂ ಹೋಗಿ ಬನ್ನಿ. ನಮ್ಮ ಹಲಗೆಗಳನ್ನು ನಾವು ಒಡೆಯಲಿಲ್ಲ, ಗೀರು ಎಳೆಯಲಿಲ್ಲ. ಹಳೆಯ ಧೋತರದಲ್ಲಿ ಸುತ್ತಿ ಇಟ್ಟಿದ್ದೇನೆ. ಹಳತಾದ ಲಿನೋ ತುಸು ಬಿರುಸಾಗಿದೆ, ಆದರೆ ಗೆರೆಗಳು ಇನ್ನೂ ಗಟ್ಟಿಯಾಗಿವೆ, 441 ಮುಟ್ಟಲು ಬಹಳ ಬಾಕಿಯೂ ಇದೆ. ಕಾಗದ ತಂದವರಿಗೆ ಒತ್ತಿಕೊಡುತ್ತೇನೆ. ಸಾಧನಕೇರಿ ನೋಡಲು ಶ್ರಾವಣದಲ್ಲೇ ಬನ್ನಿ, ಅಚ್ಚಿಗೆ ಮಾತ್ರ ದೀಪಾವಳಿ ಮುಗಿಸಿಕೊಂಡು ಬನ್ನಿ. ಮಳೆಯಲ್ಲಿ ಶಾಯಿ ಒಣಗುವುದಿಲ್ಲ.